ನಾನು ಒತ್ತದ ಟ್ಯಾಬ್

ನಾನು ಓದಿದ್ದು ಏಳನೇ ಕ್ಲಾಸು. ಹೊಸಪೇಟೆಯಲ್ಲಿ ಗೋಡೆ, ಬೋರ್ಡುಗಳ ಮೇಲೆ ಅಕ್ಷರ ಬರೆದು ಬದುಕಿದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಕಂಪ್ಯೂಟರ್ ಕಲಿತ ತಂಗಿ ಸಣ್ಣ ಪ್ರಿಂಟಿಂಗ್ ಅಂಗಡಿ ಇಟ್ಟು ನನ್ನನ್ನೂ ಸೇರಿಸಿಕೊಂಡಳು. ನನಗೆ ಸುಲಭವಾಗಲೆಂದು ತಾನೇ ಒಂದು ಪ್ರೋಗ್ರಾಂ ಬರೆದಳು. ಅದರ ಚೌಕದಲ್ಲಿ ಊರಿನ ಹೆಸರು ಟೈಪ್ ಮಾಡಿ ಟ್ಯಾಬ್ ಕೀಲಿ ಒತ್ತಿದರೆ, ಬಸ್ಸಿನ ಹೊತ್ತು ಒಂದರ ಕೆಳಗೊಂದರಂತೆ ತನ್ನ ಸಾಲಿಗೆ ಹೋಗಿ ನಿಲ್ಲಬೇಕು.

ಖಾಸಗಿ ಬಸ್ಸಿನ ಏಜೆಂಟರು ಒಂದು ವೇಳಾಪಟ್ಟಿ ಕೊಟ್ಟಿದ್ದರು. ಅದು ಚೆನ್ನಾಗಿ ಬಂದರೆ ಸಂಡೂರು, ಕಂಪ್ಲಿ ದಾರಿಯ ಎಲ್ಲ ನಿಲ್ದಾಣಗಳ ಪಟ್ಟಿಯೂ ನಮಗೇ. ಟೈಪ್ ಮಾಡಿದವನು ನಾನು. ಟ್ಯಾಬ್ ಒತ್ತಿದರೆ ಅಷ್ಟು ದೂರ ಹಾರುವುದು ನನ್ನ ಕಣ್ಣಿಗೆ ಒಗ್ಗಲಿಲ್ಲ. ಗೋಡೆಯ ಮೇಲೆ ಅಂದಾಜಿನಲ್ಲಿ ಜಾಗ ಬಿಟ್ಟ ರೂಢಿ. ಒಂದೊಂದೇ ಚೂರು ಜಾಗ ಬಿಡುವ ಸ್ಪೇಸ್ ಒತ್ತಿ ಒತ್ತಿ ಹೊಂದಿಸಿದೆ. ಪರದೆಯಲ್ಲಿ ನೆಟ್ಟಗಿತ್ತು. ಅಚ್ಚಿಗೆಂದು ತಂಗಿ ಬೇರೆ ದಪ್ಪಕ್ಷರ ಆರಿಸಿದಾಗ ಎಲ್ಲ ಸೊಟ್ಟ.

“ಏನವಾ, ನಿನ್ನ ಬಸ್ಸೆಲ್ಲಾ ರಸ್ತೆ ಬಿಟ್ಟು ಹೊಲಕ್ಕ ಇಳದಾವಲ್ಲ!” ಎಂದು ಬೆಳಿಗ್ಗೆ ಬಂದ ಏಜೆಂಟರು ಅಚ್ಚು ನೋಡಿ ತಂಗಿಗೆ ಅಂದರು. “ಸಂಜಿಕ ಬರ್ತೀನಿ. ಆಗ್ಲಿಲ್ಲಂದ್ರ ಬ್ಯಾರೆ ಕಡೆ ಕೊಡ್ತೀನಿ ನೋಡು.”

ಅವರು ಹೋದ ಮೇಲೆ ತಂಗಿ ಕೇಳಿದಳು: “ಅಣ್ಣಾ, ಟ್ಯಾಬೇ ಒತ್ತೀ ಹೌದಿಲ್ಲೋ?”

“ಮತ್ತೇನ್ ಒತ್ಲಿ? ನಿನ್ನ ಪ್ರೋಗ್ರಾಮೇ ಸರಿಯಿಲ್ಲ.”

ಹೇಳಿಕೊಟ್ಟಿದ್ದನ್ನು ಮಾಡಲಿಲ್ಲ ಎನ್ನಲು ನಾಚಿಕೆ. ಅವಳು ನನ್ನ ಮಾತು ನಂಬಿದಳು. ಟ್ಯಾಬಿನ ಅಗಲ ಹಿಗ್ಗಿಸಿದಳು, ಕುಗ್ಗಿಸಿದಳು, ಪಟ್ಟಿ ಅಲುಗಲಿಲ್ಲ. ಬುತ್ತಿಯನ್ನೂ ಬಿಚ್ಚಲಿಲ್ಲ. ಕೊನೆಗೆ, “ನನಗ ಬರಂಗಿಲ್ಲಣ್ಣಾ. ಅವ್ರಿಗೆ ಹೇಳಿಬಿಡ್ತೀನಿ” ಎಂದು ಫೋನ್ ಎತ್ತಿದಳು.

“ಇಡವಾ ಫೋನು” ಅಂದೆ. “ನಾ ಟ್ಯಾಬ್ ಒತ್ತೇ ಇಲ್ಲ. ಎಲ್ಲಾ ಸ್ಪೇಸು.”

ಬೈಯುತ್ತಾಳೆ ಅಂದುಕೊಂಡೆ. “ಇಲ್ಲದ ಟ್ಯಾಬಿಗೆ ಅಗಲ ಹಿಡಿಯಾಕತ್ತಿದ್ನೇನ್ ನಾನು!” ಎಂದು ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿತ್ತು. ಅದು ಇವತ್ತಿಗೂ ಚುಚ್ಚುತ್ತದೆ.

ಸ್ಪೇಸ್ ಅಳಿಸಿ ಟ್ಯಾಬ್ ಒತ್ತುತ್ತ ಬಂದೆ. ಬಂಡ್ರಿ, ವಡ್ಡು ಊರುಗಳ ಹೊತ್ತುಗಳು ನೆಟ್ಟಗೆ ನಿಂತವು. ‘ಟಿ.ಬಿ. ಡ್ಯಾಂ ಕ್ವಾರ್ಟರ್ಸ್’ ಎಂಬ ನಿಲ್ದಾಣದ ಹೆಸರು ಉದ್ದವಾಗಿ, ಅದರ ಹೊತ್ತು ಮಾತ್ರ ತನ್ನ ಸಾಲು ದಾಟಿ ಬಲಕ್ಕೆ ಹಾರಿತು.

“ಇದು ನನ್ನ ತಪ್ಪು. ಇಂಗ್ಲಿಷ್ ಅಕ್ಷರದ ಲೆಕ್ಕದಾಗ ಅಗಲ ಕೊಟ್ಟಿದ್ದೆ” ಅಂದಳು. ಅಚ್ಚಾಗುವ ಅಕ್ಷರದಲ್ಲೇ ಎಲ್ಲಕ್ಕಿಂತ ಉದ್ದದ ಹೆಸರನ್ನು ಅಳೆದು, ಅದರಾಚೆ ಸ್ವಲ್ಪ ಜಾಗ ಬಿಟ್ಟು ಟ್ಯಾಬ್ ನಿಲ್ಲುವಂತೆ ಪ್ರೋಗ್ರಾಂ ತಿದ್ದಿದಳು. ಆ ಹೊತ್ತೂ ಸಾಲಿಗೆ ಬಂತು.

ಸಂಜೆ ಏಜೆಂಟರು ಹಾಳೆಯ ಮೇಲಿಂದ ಕೆಳಗೆ ಬೆರಳೆಳೆದರು. “ಈಗ ರಸ್ತೆಗೆ ಬಂದ್ವು ನೋಡು. ಉಳಿದವನ್ನೂ ನೀನೇ ಮಾಡವಾ.”

ತಂಗಿ ಬುತ್ತಿ ಬಿಚ್ಚುತ್ತ ಸ್ಪೇಸ್ ಕೀಲಿ ತೋರಿಸಿದಳು: “ಇದನ್ನ ಕಿತ್ತಿ ಒಗೀಲೇನು?”

“ಬ್ಯಾಡವಾ” ಅಂದೆ. “ಡ್ಯಾಮಿಗೂ ಕ್ವಾರ್ಟರ್ಸಿಗೂ ನಡುವ ಒಂದು ಬೇಕಲ್ಲ.”