ಇನ್ವರೂರಿಯ ಕಲ್ಲುಗಳ ನಡುವೆ ಬರಿಗಾಲು

ಮೆಲ್ಬರ್ನ್ ಬಿಟ್ಟು ಮೂವತ್ತು ತಾಸಿನ ಮೇಲೆ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಇಳಿದಾಗ ಮಳೆ ಜಿನುಗುತ್ತಿತ್ತು. ಓದಲು ಬಂದ ಮಗಳು ಮೇಘಾ ಅಲ್ಲೇ ಕೆಲಸ ಹಿಡಿದು ಎರಡು ವರ್ಷವಾಗಿತ್ತು. ಮೆಲ್ಬರ್ನಿನ ಅಂಚಿನ ಟ್ರುಗನಿನಾದ ಗೋದಾಮಿನಲ್ಲಿ ನನ್ನ ಜೊತೆ ದುಡಿಯುವವರಿಗೆಲ್ಲ ಹಳೆಯ ಕಲ್ಲುವೃತ್ತ ನೋಡಲು ಹೊರಟೆ ಎಂದಿದ್ದೆ. ಸುಳ್ಳೇನಲ್ಲ. ಆದರೆ ನಿಜಕ್ಕೂ ಹೋದದ್ದು "ಮನೆಗೆ ವಾಪಸ್ ಬಾ" ಎಂದು ಅವಳನ್ನು ಕೇಳಲು.

ಮೂರು ದಿನ ಅದನ್ನು ಕೇಳಲು ಬಾಯಿಯೇ ಬರಲಿಲ್ಲ. ಬೆಳಿಗ್ಗೆ ಹೋದವಳು ಸಂಜೆ ದಣಿದು ಬರುತ್ತಿದ್ದಳು, ನಾನು ಮಾಡಿದ್ದನ್ನು ಉಂಡು "ನೈಸ್, ಮಮ್" ಎಂದು ಮಲಗುತ್ತಿದ್ದಳು. ನಾಲ್ಕನೆಯ ದಿನ ಇಬ್ಬರೂ ಕಲ್ಲು ನೋಡಲು ಹೋಗುವುದಿತ್ತು. "ಸಾರಿ ಮಮ್, ಶಿಫ್ಟ್ ಬಂತು. ಯು ಗೋ," ಎಂದವಳೇ, ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ನಾನು ಕೊಡಿಸಿದ್ದ ಹಳದಿ ರೇನ್‌ಕೋಟ್ ಹಾಕಿಕೊಂಡು ಹೋದಳು. ಸಿಟ್ಟು ಬಂತು, ಅಳುವೂ ಬಂತು.

ಇನ್ವರೂರಿಗೆ ರೈಲಿನಲ್ಲಿ ಅರ್ಧ ತಾಸೂ ಹಿಡಿಯಲಿಲ್ಲ. ಅಲ್ಲಿಂದ ಸುಮಾರು ಐದು ಕಿಲೋಮೀಟರ್ ನಡಿಗೆ. ಕೊಯ್ಲು ಮುಗಿದ ಹೊಲ, ಕುರಿ, ಗಾಳಿ. ಮನುಷ್ಯರೆಂಬವರು ಒಬ್ಬರೂ ಸಿಗಲಿಲ್ಲ. ಚಪಾತಿ ಸುರುಳಿ ತಿನ್ನುತ್ತ, ಇಷ್ಟು ದೂರ ಬಂದು ಒಬ್ಬಳೇ ಉಣ್ಣುವುದಾದರೆ ಟ್ರುಗನಿನಾ ಏನು ತಪ್ಪು ಮಾಡಿತ್ತು ಎಂದುಕೊಂಡೆ.

ಗಿಡ್ಡ ಗೋಡೆಯ ಒಳಗೆ ಹನ್ನೊಂದು-ಹನ್ನೆರಡು ಕಲ್ಲು, ನಾಲ್ಕು ಸಾವಿರ ವರ್ಷದಷ್ಟು ಹಳೆಯವಂತೆ. ದೊಡ್ಡದೊಂದು ಅಡ್ಡ ಮಲಗಿತ್ತು, ಉಳಿದವು ಅದರ ಜೊತೆ ವೃತ್ತವಾಗಿ ನಿಂತಿದ್ದವು. ನನಗೆ ಧಾರವಾಡದ ನಮ್ಮ ಓಣಿಯ ನಾಗಪ್ಪನ ಕಟ್ಟೆ ನೆನಪಾಯಿತು. ಯೋಚಿಸುವ ಮೊದಲೇ ಬೂಟು, ಕಾಲುಚೀಲ ಬಿಚ್ಚಿ ಗೋಡೆಯ ಮೇಲಿಟ್ಟು ಪ್ರದಕ್ಷಿಣೆ ಶುರುಮಾಡಿದ್ದೆ. ಒದ್ದೆ ಹುಲ್ಲು ಕಾಲನ್ನು ಮರಗಟ್ಟಿಸಿತು.

ನಾಯಿ ಹಿಡಿದು ಬಂದ ಮುದುಕರೊಬ್ಬರು ನನ್ನ ಬೂಟು ನೋಡಿ ನಿಂತರು. ಬೈಯುತ್ತಾರೇನೋ ಎಂದು ಹೆದರಿದೆ.

"ಇಲ್ಲಿ ಬರಿಗಾಲಲ್ಲಿ ನಡೆಯುವವರು ನೀವು ಎರಡನೆಯವರು," ಎಂದರು. "ಹಳದಿ ರೇನ್‌ಕೋಟಿನ ಒಬ್ಬ ಹುಡುಗಿ ಆಗಾಗ ಭಾನುವಾರ ಬರುತ್ತಾಳೆ. ಬೂಟು ಇದೇ ಗೋಡೆಯ ಮೇಲಿಟ್ಟು ನಿಮ್ಮ ಹಾಗೆಯೇ ಸುತ್ತುತ್ತಾಳೆ. ಆಮೇಲೆ ಬಹಳ ಹೊತ್ತು ಕೂತಿರುತ್ತಾಳೆ. ಯಾವಾಗಲೂ ಒಬ್ಬಳೇ."

ಮೆಲ್ಬರ್ನಿನ ಗುಡಿ ಬಾಗಿಲಲ್ಲಿ ಬೂಟು ಬಿಚ್ಚು ಎಂದರೆ ಜಗಳ ತೆಗೆಯುತ್ತಿದ್ದವಳು ಇವಳೇ. ನಾನು ಆ ಮಲಗಿದ ಕಲ್ಲಿನ ಮುಂದೆ ಕೂತು ಅತ್ತುಬಿಟ್ಟೆ. ಮುದುಕರು ಪಾಪ, ನಾಯಿಯನ್ನು ಎಳೆದುಕೊಂಡು ಆಚೆ ಹೋದರು.

ಸಂಜೆ ಅವಳ ಮುಂದೆ ಚಹಾ ಇಟ್ಟೆ. ಎರಡು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತು ಬಿಟ್ಟು ಬೇರೆಯೇ ಕೇಳಿದೆ. "ಕಾಲಿಗೆ ಥಂಡಿ ಹತ್ತಂಗಿಲ್ಲೇನು ಅಲ್ಲಿ?"

ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹತ್ತತದವ್ವಾ," ಎಂದಳು. "ಆದ್ರ ಅಲ್ಲಿ ಹೋದ್ರ ನಮ್ಮನಿಗೆ ಹೋದಂಗ ಆಗ್ತದ."

ವಾಪಸ್ ಬಾ ಎಂದು ಕೊನೆಗೂ ಕೇಳಲಿಲ್ಲ. ಹೊರಡುವ ದಿನ ನನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ಅವಳ ಬೂಟಿನೊಳಗೆ ತುರುಕಿದೆ. ಮೆಲ್ಬರ್ನ್ ಮುಟ್ಟುವವರೆಗೂ ನನ್ನ ಕಾಲು ತಣ್ಣಗೇ ಇದ್ದವು.