ಜೈತೂನಬಿ ಕೂತು ನೋಡಿದ ಸಿನಿಮಾ

ರಾಣೇಬೆನ್ನೂರಿನ ಹಳೆಯ ಟಾಕೀಸೊಂದರಲ್ಲಿ ಹೆಣ್ಣುಮಕ್ಕಳ ಕ್ಲಾಸಿನ ಬಾಗಿಲು ಕಾಯುತ್ತಿದ್ದ ಜೈತೂನಬಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ದಿನಾ ಪುಕ್ಕಟೆ ನೋಡುತ್ತಾಳೆ ಎಂದು ಓಣಿಯ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನೋಡುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಟಿಕೀಟು ಹರಿಯಬೇಕು, ತಡವಾಗಿ ಬಂದವರಿಗೆ ಬ್ಯಾಟರಿ ಬಿಟ್ಟು ಜಾಗ ತೋರಿಸಬೇಕು, ಬೆಂಚಿನ ಮೇಲಿನ ಜಗಳ ಬಿಡಿಸಬೇಕು. ಯಾರದಾದರೂ ಕೂಸು ಅತ್ತರೆ ಹೊರಗೆ ಎತ್ತಿಕೊಂಡು ಬಂದು ಅದನ್ನು ಆಡಿಸಬೇಕು. ಅವಳ ಬೆನ್ನು ಸದಾ ಪರದೆಯ ಕಡೆಗೇ ಇರುತ್ತಿತ್ತು. ಆಟ ಮುಗಿದ ಮೇಲೆ ಶೇಂಗಾ ಸಿಪ್ಪೆ ಗುಡಿಸಿ ಮನೆ ಸೇರಿದರೆ ಸಾಕಪ್ಪಾ ಎನಿಸುತ್ತಿತ್ತು.

ಮುಂದೆ ಟಾಕೀಸು ಮುಚ್ಚಿತು, ಆ ಜಾಗದಲ್ಲಿ ಮದುವೆ ಹಾಲ್ ಎದ್ದಿತು. ಜೈತೂನಬಿ ದಿನಾ ಬಸ್ಸು ಹತ್ತಿ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋದಳು. ಘಾಟಿಗೆ ಸೀನಿ ಸೀನಿ ಎದೆ ನೋಯುತ್ತಿತ್ತು. ಕೈ ಎಷ್ಟು ತೊಳೆದರೂ ರೊಟ್ಟಿ ಮುರಿಯುವಾಗ ಬೆರಳು ಉರಿಯುತ್ತಿದ್ದವು. ಕಡೆಗೆ ಮೊಣಕಾಲು ಹಿಡಿದುಕೊಂಡಾಗ ಅದನ್ನೂ ಬಿಟ್ಟು, ಮಗಳ ಮನೆಗೆ ಹತ್ತಿದ ಒಂದು ಖೋಲಿಯಲ್ಲಿ ಉಳಿದಳು.

ಟಾಕೀಸು ಅವಳಿಗೆ ಕೊಟ್ಟ ಒಂದೇ ಸ್ನೇಹ ಪ್ರೇಮವ್ವನದು. ಮೋಟೆಬೆನ್ನೂರಿನ ಒಕ್ಕಲುತನದ ಮನೆಯ ಸೊಸೆ. ಆಗ ಸಣ್ಣ ಪ್ರಾಯದ ಆಕೆ ಅತ್ತೆಯ ಕಣ್ಣು ತಪ್ಪಿಸಿ, ಎಳೆಗೂಸನ್ನು ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಬರುತ್ತಿದ್ದಳು. ಕೂಸು ಕುಸುಗುಟ್ಟಿದರೆ ಸಾಕು, ಜೈತೂನಬಿ ಬಂದು ಎತ್ತಿಕೊಳ್ಳುತ್ತಿದ್ದಳು. ಆ ಕೂಸು ಶ್ವೇತಾ ಈಗ ಹಾವೇರಿಯಲ್ಲಿ ಕೋರ್ಟಿನ ನೌಕರಿಯಲ್ಲಿದ್ದಾಳೆ. ಹೋದ ಚಳಿಗಾಲದಲ್ಲಿ ಅವಳೇ ಫೋನು ಮಾಡಿದಳು.

"ದೊಡ್ಡವ್ವಾ, ನಾ ಕೂಸಿದ್ದಾಗ ಅವ್ವ ನೋಡಿದ್ಲಲ್ಲ, ಆ ಹಳೇ ಸಿನಿಮಾ ಮತ್ತ ಹಾವೇರಿಗೆ ಬಂದೈತಿ. ಹೊಸಾದ ಮಾಡ್ಯಾರಂತ, ದೊಡ್ಡ ಪರದೆ ಮ್ಯಾಲ. ನಿನಗೂ ಅವ್ವಗೂ ಟಿಕೀಟ ತಗದೇನಿ."

ಯಾವ ಸಿನಿಮಾ ಎಂದು ಗೊತ್ತಾಗುತ್ತಲೇ ಜೈತೂನಬಿ ಮೊಣಕಾಲು ನೀವಿಕೊಂಡಳು. ಆಮೇಲೆ ಹೇಳಿದಳು, "ನನ್ನ ಕಾಲು ನೋಯ್ತಾವವ್ವ. ಅವ್ವನ್ನ ಕರ್ಕೊಂಡ ಹೋಗು."

ಮಾರನೆಯ ದಿನ ಪ್ರೇಮವ್ವನೇ ಮನೆ ಬಾಗಿಲಿಗೆ ಬಂದು ನಿಂತಳು. "ನನ್ನ ಕೂಸನ್ನ ಹಿಡಕೊಂಡ ಹೊರಗ ನಿಂತಾಕಿ ನೀ. ನೀ ನೋಡದ ನಾ ಒಬ್ಬಾಕಿ ಹೆಂಗ ನೋಡ್ಲಿ ಅಕ್ಕಾ? ನಡಿ."

ಇಲ್ಲವೆನ್ನಲೂ ಶಕ್ತಿ ಬೇಕು. ಜೈತೂನಬಿ ಬುರ್ಖಾ ತೊಟ್ಟು ಹೊರಟಳು.

ಹಾವೇರಿಯ ಥಿಯೇಟರಿನ ಮುಂದೆ ಹುಡುಗರು ಪಟಾಕಿ ಹಚ್ಚಿದ್ದರು. ಆ ಸಿನಿಮಾ ಬಂದಾಗ ಅವರಲ್ಲಿ ಯಾರೂ ಹುಟ್ಟಿರಲಿಲ್ಲ. ಒಳಗೆ ಹೀರೋ ಕಾಣಿಸಿಕೊಂಡದ್ದೇ ತಡ, ಹರಿದ ಕಾಗದ ಮಳೆಯಂತೆ ಸುರಿಯಿತು. ಪ್ರೇಮವ್ವ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು. ಜೈತೂನಬಿ ಮಾತ್ರ ಮಡಿಲ ಮೇಲೆ ಬಿದ್ದ ಕಾಗದದ ಚೂರುಗಳನ್ನು ಒಂದೊಂದಾಗಿ ಆರಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಇದನ್ನೆಲ್ಲ ಯಾರು ಬಳಿಯಬೇಕೋ ಪಾಪ ಎಂದುಕೊಂಡಳು.

ಮಧ್ಯಂತರಕ್ಕೆ ಸ್ವಲ್ಪ ಮೊದಲು ಆ ಹಾಡು ಬಂತು.

ಮೊದಲ ಸಾಲಿಗೇ ಜೈತೂನಬಿ ಕಣ್ಣು ಮುಚ್ಚಿದಳು. ಬ್ಯಾಡಗಿಯಲ್ಲಿ ಕೆಲಸ ಮಾಡುವಾಗ ರೇಡಿಯೋದಲ್ಲಿ ಈ ಹಾಡು ಬಂದರೆ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದಳು. ಇಲ್ಲಿ ಏಳಲು ದಾರಿಯಿರಲಿಲ್ಲ, ಎರಡೂ ಕಡೆ ಜನ. ಕಣ್ಣು ತೆರೆದು ನೋಡಿದಳು. ಅಣ್ಣನೊಬ್ಬ ತಂಗಿಯನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದ. ನಡುನೀರಿನಲ್ಲಿ ಅವನು ಬೇಕೆಂದೇ ಮುಗ್ಗರಿಸಿದ, ಅವಳು ಅವನ ಕಿವಿ ಹಿಂಡಿದಳು, ಇಬ್ಬರೂ ನಕ್ಕರು.

ಅಷ್ಟೇ. ಸಾವಿಲ್ಲ, ನೋವಿಲ್ಲ. ಆಗ ಬಾಗಿಲಾಚೆ ನಿಂತವಳಿಗೆ ಈ ಹಾಡಿನ ಹೊತ್ತಿಗೆ ಒಳಗೆ ಹೆಂಗಸರು ಬಿಕ್ಕುವುದು ಕೇಳುತ್ತಿತ್ತು. ಯಾರೋ ಸತ್ತಿರಬೇಕು ಎಂದೇ ಇಷ್ಟು ವರ್ಷ ತಿಳಿದಿದ್ದಳು. ಅವರೆಲ್ಲ ತವರು ನೆನೆದು ಅತ್ತಿದ್ದರು.

"ಇಷ್ಟ ಏನ?" ಎಂದು ಬಾಯಿಬಿಟ್ಟು ಕೇಳಿದಳು. ಹುಡುಗರು ಪರದೆಯ ಜೊತೆಗೇ ಹಾಡುತ್ತಿದ್ದ ಗದ್ದಲದಲ್ಲಿ ಅದು ಪ್ರೇಮವ್ವನಿಗೆ ಕೇಳಿಸಲಿಲ್ಲ. ಆಮೇಲೆ ಜೈತೂನಬಿಗೆ ಎಂಥದೋ ಸುಸ್ತು ಬಂತು. ಕುರ್ಚಿ ಮೆತ್ತಗಿತ್ತು, ತಂಪಿತ್ತು. ಮಧ್ಯಂತರ ಮುಗಿದು ದೀಪ ಆರಿದ್ದೇ ನಿದ್ದೆ ಹೋದಳು. ಪ್ರೇಮವ್ವ ಎಬ್ಬಿಸಿದಾಗ ಜನ ಎದ್ದು ಹೊರಟಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೂತರು. ಪ್ರೇಮವ್ವನ ಕಣ್ಣು ಇನ್ನೂ ಒದ್ದೆಯಿದ್ದವು.

"ಹೊಳಿ ದಾಟೂ ಹಾಡು ಬಂದಾಗ ಯಾಕಕ್ಕಾ ನನ್ನ ಕೈ ಅಷ್ಟ ಬಿಗಿ ಹಿಡಿದಿ? ಕೆಂಪಾಗೇತಿ ನೋಡು."

ಕೈ ಹಿಡಿದದ್ದು ಜೈತೂನಬಿಗೆ ಗೊತ್ತೇ ಇರಲಿಲ್ಲ. ಲೋಟ ಕೆಳಗಿಟ್ಟಳು. ಹೇಳಬೇಕೆಂದು ಅವಳು ಬಂದಿರಲಿಲ್ಲ. ಹೇಳದೆ ಇಟ್ಟುಕೊಳ್ಳುವುದೂ ಇನ್ನು ಸಾಕೆನಿಸಿತ್ತು.

"ನಮ್ಮ ಮನೆಯವರು ತೀರಿಕೊಂಡದ್ದು ಯಾವಾಗ, ನಿನಗ ಗೊತ್ತೈತಿ?"

"ಶಾಬುದ್ದೀನಣ್ಣ? ಈ ಸಿನಿಮಾ ನಡದಾಗ. ಹತ್ತಿ ಮಿಲ್ಲಿನ್ಯಾಗ ಎದಿ ಹಿಡಕೊಂಡ ಬಿದ್ರು ಅಂದಿದ್ದಿ."

"ಮಿಲ್ಲಿನವರು ಮನಿಗೆ ತಂದ ಮಲಗಿಸಿದ್ರು. ನೆರೆಮನಿ ಕೈಸರ ಓಡಿ ಬಂದ. ಲಗೂನ ಬಾ, ನಿನ್ನ ಕೇಳಾಕತ್ತಾರ ಅಂದ. ಆಗ ಶ್ವೇತಾ ನನ್ನ ತೋಳಿನ್ಯಾಗ ಮಲಗಿದ್ಲು. ಒಳಗ ಆ ಹಾಡು ನಡದಿತ್ತು, ನೀವೆಲ್ಲ ಅಳಾಕತ್ತಿದ್ರಿ. ಅಳೋ ಮಂದಿ ಮುಖಕ್ಕ ಬ್ಯಾಟರಿ ಬಿಟ್ಟು ನಿನ್ನ ಎಲ್ಲಿ ಹುಡುಕಲಿ, ಹೆಂಗ ಎಬ್ಬಿಸಲಿ ಅನಿಸ್ತು. ಈಗ ಇಂಟರ್ವಲ್ ಬಿಡ್ತೈತಿ, ಬಿಟ್ಟ ಕೂಡಲೇ ಬರ್ತೇನಿ ಅಂತ ಹೇಳಿ ಕಳಿಸಿದೆ. ಬಿಟ್ಟ ಮ್ಯಾಲ ನಿನ್ನ ಕೂಸ ನಿನಗ ಕೊಟ್ಟು ಓಡಿದೆ. ಮನಿ ಮುಂದ ಮಂದಿ ನಿಂತಿದ್ರು."

ಹುಬ್ಬಳ್ಳಿಯ ಕಡೆಯಿಂದ ಬಂದ ಬಸ್ಸೊಂದು ಜನರನ್ನು ಇಳಿಸಿ ಹೋಯಿತು.

"ಕೂಸನ್ನ ಬೆಂಚಿನ ಮ್ಯಾಲ ಮಲಗಿಸಿ ಹೋಗಬೇಕಿತ್ತು," ಎಂದಳು ಪ್ರೇಮವ್ವ.

"ಬಿದ್ದಿದ್ರ?"

"ಒಂದ ಮಾತ ನನಗ ಹೇಳಬೇಕಿತ್ತಕ್ಕಾ. ಆಮ್ಯಾಲರ."

"ಹೇಳಿದ್ರ ನೀ ಮತ್ತ ಟಾಕೀಸಿಗೆ ಬರ್ತಿದ್ದಿಲ್ಲ," ಎಂದಳು ಜೈತೂನಬಿ. "ಆ ಕೂಸೂ ಬರ್ತಿದ್ದಿಲ್ಲ. ಮಗಳ ಬಿಟ್ರ ನನಗ ಮತ್ಯಾರಿದ್ರು ಹೇಳು."

ಪ್ರೇಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜೈತೂನಬಿಗೆ ಮಾತ್ರ ಅಳು ಬರಲಿಲ್ಲ. ಅಳು ಎಂದೋ ಮುಗಿದಿತ್ತು. ಹೇಳಿದ್ದರಿಂದ ಹಗುರಾಯಿತೆಂದೂ ಅನಿಸಲಿಲ್ಲ, ದಣಿವೊಂದೇ ಇತ್ತು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಹೆದ್ದಾರಿಯ ಬಿಸಿಲಿನಲ್ಲಿ ಕಟಾವಾದ ಹೊಲಗಳು ಹಿಂದೆ ಸರಿದವು. ಕಂಡಕ್ಟರ್ ಮೋಟೆಬೆನ್ನೂರು ಎಂದು ಕೂಗಿದ.

"ನಿಮ್ಮೂರ ಬಂತು, ಇಳಿ," ಎಂದಳು ಜೈತೂನಬಿ.

"ಬರ್ಲಿ ಬಿಡು."

ಕಂಡಕ್ಟರ್ ಇನ್ನೊಮ್ಮೆ ಕೂಗಿದ. ಪ್ರೇಮವ್ವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೇ ಇದ್ದಳು. ಬಸ್ಸು ಹೊರಟಿತು.

ರಾಣೇಬೆನ್ನೂರಿನ ಖೋಲಿಗೆ ಬಂದ ಮೇಲೆ ಜೈತೂನಬಿ ಒಲೆಯ ಕಡೆ ಹೊರಟರೆ ಪ್ರೇಮವ್ವ ಅವಳ ರಟ್ಟೆ ಹಿಡಿದು ಚಾಪೆಯ ಮೇಲೆ ಕೂರಿಸಿದಳು. ಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ಕೂಡ ಕೇಳದೆ ತಾನೇ ಹುಡುಕಿ ತೆಗೆದು, ಎಸರಿಗೆ ಇಟ್ಟಳು. ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಳೋ ಹಿಟ್ಟು ನಾದುತ್ತಿದ್ದಳೋ, ಹಿಂದಿನಿಂದ ತಿಳಿಯುವಂತಿರಲಿಲ್ಲ. ಹಗಲು ಹೊತ್ತಿನಲ್ಲಿ ಎಂದೂ ಮಲಗದ ಜೈತೂನಬಿ ಕಾಲು ಚಾಚಿ, ಗೋಡೆಯ ಕಡೆ ಹೊರಳಿ, ರೊಟ್ಟಿ ಬಡಿಯುವ ಸದ್ದು ಕೇಳುತ್ತ ಮಲಗಿದಳು.