ಮೂರು ಕಾಳು ಶೇಂಗಾ

ಅಮರಮ್ಮ, ನಿಮ್ಮ ಕಾಗದದ ಮೇಲೆ ಎಂಟು ಎಂದು ಬರೆದವಳು ನಾನು. ನೀವು ತಟ್ಟೆಗೆ ಹಾಕಿದ್ದು ಮೂರು ಕಾಳು. ಅವತ್ತು ನಿಮ್ಮ ಕನ್ನಡಕ ಮನೆಯಲ್ಲೇ ಉಳಿದಿತ್ತು, ಅದಕ್ಕೇ ಪೆನ್ನು ನನ್ನ ಕೈಗೆ ಬಂತು — ನೋಡಿ, ಮೂರನೇ ಸಾಲಿಗೇ ಕಾರಣ ಹುಡುಕತೊಡಗಿದೆ. ಪೆನ್ನು ನನ್ನ ಕೈಯಲ್ಲಿತ್ತು. ಅಷ್ಟೇ.

ಇದಾಗಿ ಐದು ವರ್ಷ. ನಾನು ನೆನಪನ್ನು ಅಷ್ಟಾಗಿ ನಂಬುವವಳಲ್ಲ. ಕಲಬುರಗಿಯಲ್ಲಿ ಮನಃಶಾಸ್ತ್ರ ಓದುವಾಗ ಕಲಿತಿದ್ದೆ — ಮಿದುಳು ಒಂದು ನೆನಪನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಅಷ್ಟಿಷ್ಟು ತಿದ್ದುತ್ತದೆ. ಅಂದಿನಿಂದ ಡೈರಿ ಬರೆಯುತ್ತೇನೆ. ಮೂರು ಕಾಳು ಹಾಕಿ ನೀವು ನಕ್ಕಿರಿ ಎಂದು ನನ್ನ ನೆನಪು ಹೇಳುತ್ತದೆ. ಡೈರಿಯಲ್ಲಿ ನಗು ಇಲ್ಲ. 'ಅಮರಮ್ಮ ಕಾಳು ಹಾಕಿ ಬಹಳ ಹೊತ್ತು ತಟ್ಟೆಯನ್ನೇ ನೋಡಿದರು' ಎಂದಿದೆ. ಆ ನಗು ಎಲ್ಲಿಂದ ಬಂತೋ — ಅದನ್ನು ತಂದು ಅಂಟಿಸಿದವಳೂ ನಾನೇ ಇರಬೇಕು.

ಆಗ ನನಗೆ ಇಪ್ಪತ್ತೇಳು. ಒಂದು ಸಂಸ್ಥೆಯ ಕೆಲಸಕ್ಕೆ ಸೇರಿ, ಸಿಂಧನೂರಿನಿಂದ ಆರು ಶನಿವಾರ ಮಸ್ಕಿಗೆ ಬಂದೆ. ಶಾಲೆಗಳಲ್ಲಿ ಬಿಸಿಯೂಟ ಮಾಡುವ ಹೆಂಗಸರಿಗೆ ಸಾವಧಾನದ ತರಬೇತಿ — ಕಣ್ಣು ಮುಚ್ಚಿ ಉಸಿರನ್ನು, ಮನಸ್ಸಿಗೆ ಬಂದದ್ದನ್ನು ಸುಮ್ಮನೆ ನೋಡುವುದು. ಒತ್ತಡ ಇಳಿಯಬೇಕು, ನೆಮ್ಮದಿ ಹೆಚ್ಚಬೇಕು. ನೀವೆಲ್ಲ ಅದಕ್ಕೆ 'ಉಸಿರಿನ ಕ್ಲಾಸು' ಎನ್ನುತ್ತಿದ್ದಿರಿ. ಮೊದಲ ದಿನ ಎಲ್ಲರ ಅಂಗೈಗೆ ಒಂದೊಂದು ಒಣದ್ರಾಕ್ಷಿ ಕೊಟ್ಟು, ಐದು ನಿಮಿಷ ಅದನ್ನೇ ನೋಡಿ, ಮೂಸಿ, ನಿಧಾನಕ್ಕೆ ತಿನ್ನಿ ಎಂದೆ. ನಿಮ್ಮ ಪಕ್ಕದಲ್ಲಿದ್ದ ಹುಲಿಗೆಮ್ಮ ಸುಮ್ಮನಿರಲಿಲ್ಲ.

"ಮೇಡಂ, ಒಂದು ದ್ರಾಕ್ಷಿ ತಿನ್ನಾಕ ಐದು ನಿಮಿಷ ಹಿಡದ್ರ, ನೂರಾ ಎಂಬತ್ತು ಹುಡುಗ್ರಿಗೆ ನೀಡೋದು ಯಾವಾಗ್ರೀ? ಮನಿಗೆ ಹೋಗೋ ಬೆಲ್ ಹೊಡೀತಾರ!"

ಎಲ್ಲರೂ ನಕ್ಕರು. "ಸುಮ್ನ ಇರಬೇ, ಕಲಿಸಾಕ ಬಂದಾರ," ಎಂದು ಹುಲಿಗೆಮ್ಮನ ತೊಡೆಗೆ ಹೊಡೆದವರು ನೀವು. ನನ್ನ ಮರ್ಯಾದೆ ಉಳಿಸಿದವರು.

ನೀವು ಯಾಕೆ ಬಂದಿದ್ದಿರಿ ಎಂದು ನನಗೆ ಗೊತ್ತಿತ್ತು. ಬಳಗಾನೂರು ಕಡೆಯ ನಿಮ್ಮ ಊರಿನ ಶಾಲೆಯಲ್ಲಿ, ಅದಕ್ಕೆ ಎರಡು ವರ್ಷ ಮೊದಲು, ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಎಡವಿ ಸಾರಿನ ಡಬರಿಗೆ ಬಿದ್ದು ಕಾಲು ಸುಟ್ಟುಕೊಂಡಿದ್ದಳು. ಹುಡುಗಿ ಚೇತರಿಸಿಕೊಂಡಳು, ಓಡಾಡಿದಳು. ಚೇತರಿಸಿಕೊಳ್ಳದವರು ನೀವು. ಡಬರಿಯ ಮುಚ್ಚಳ ತೆಗೆಯುವಾಗೆಲ್ಲ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು.

ಎರಡನೇ ಶನಿವಾರ ನಾನು ಮುಷ್ಟಿಯ ಪಾಠ ಮಾಡಿದೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ನಾಲ್ಕು ಬೆರಳು ಅದರ ಮೇಲೆ ಮುಚ್ಚಿದರೆ ಅದೇ ಮಿದುಳು. ಒಳಗಿನ ಹೆಬ್ಬೆರಳು ಭಯ, ಮೇಲಿನ ಬೆರಳುಗಳು ಬುದ್ಧಿ. ಹೆದರಿದಾಗ ಬೆರಳು ಮೇಲೇಳುತ್ತವೆ, ಭಯ ಹೊರಗೆ ಬರುತ್ತದೆ. ಉಸಿರನ್ನು ನೋಡುತ್ತ ಕೂತರೆ ಬೆರಳು ಮತ್ತೆ ಇಳಿಯುತ್ತವೆ. ನೀವು ಎರಡೂ ಕೈಯಲ್ಲಿ ಮಾಡಿ ತೋರಿಸಿದಿರಿ. ಇಡೀ ಹಾಲಿನಲ್ಲಿ ಅಷ್ಟು ಶ್ರದ್ಧೆ ಯಾರಿಗೂ ಇರಲಿಲ್ಲ.

ಆ ಪಾಠ ಸುಳ್ಳಲ್ಲ. ಹುಲಿಗೆಮ್ಮನ ತಲೆನೋವು ಇಳಿದಿದ್ದು ನಿಜ. ಸೊಸೆಯರ ಮೇಲೆ ರೇಗುವುದು ಕಡಿಮೆಯಾಗಿದೆ ಎಂದು ಇನ್ನಿಬ್ಬರು ಹೇಳಿದ್ದೂ ನಿಜ. ಆದರೆ ಭಯ ಆಳಕ್ಕೆ ಇಳಿದವರು ಕಣ್ಣು ಮುಚ್ಚಿ ತಮ್ಮ ಎದೆಬಡಿತವನ್ನೇ ನೋಡುತ್ತ ಕೂತರೆ ಕೆಲವೊಮ್ಮೆ ಭಯವೇ ಹೆಚ್ಚುತ್ತದೆ, ಅಂಥವರಿಗೆ ಡಾಕ್ಟರು ಬೇಕು. ಇದನ್ನೂ ನಾನು ಓದಿದ್ದೆ. ಗೊತ್ತಿರಲಿಲ್ಲ ಎಂದು ಬರೆಯುವ ಹಾಗಿದ್ದರೆ —

ಮೊದಲ ವಾರ ಮತ್ತು ಕೊನೆಯ ವಾರ ಎಲ್ಲರ ನೆಮ್ಮದಿಯನ್ನು ಹತ್ತರಲ್ಲಿ ಅಳೆಯಬೇಕಿತ್ತು. ಬಾಯಲ್ಲಿ ಕೇಳಿದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ: "ಆರಾಮ ಅದೀನ್ರೀ." ಜ್ವರದಲ್ಲಿ ಮಲಗಿದವರೂ ಬಂದವರಿಗೆ ಹಾಗೆಯೇ ಹೇಳುತ್ತಾರೆ. ಅದಕ್ಕೇ ನಾನು ಹತ್ತು ಹತ್ತು ಕಾಳು ಶೇಂಗಾ ಹಂಚಿ, ಮನಸ್ಸು ಎಷ್ಟು ಹಗುರವಿದೆಯೋ ಅಷ್ಟು ಕಾಳು ತಟ್ಟೆಗೆ ಹಾಕಿ, ಆ ಲೆಕ್ಕವನ್ನು ನಿಮ್ಮ ಕಾಗದದ ಮೇಲೆ ಬರೆಯಿರಿ ಎಂದೆ. ನನ್ನ ಈ ಉಪಾಯದ ಬಗ್ಗೆ ನನಗೆ ಹೆಮ್ಮೆಯಿತ್ತು. ನಾಲ್ಕಕ್ಕಿಂತ ಕಡಿಮೆ ಬಂದವರಿಗೆ ಒಂದು ಚೀಟಿ ಬರೆದುಕೊಡಬೇಕು. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ವಾರಕ್ಕೊಮ್ಮೆ ಲಿಂಗಸುಗೂರಿನ ಆಸ್ಪತ್ರೆಗೆ ಬರುತ್ತಿದ್ದರು, ಚೀಟಿ ಸಿಕ್ಕವರು ಅದನ್ನು ಹಿಡಿದು ಅಲ್ಲಿಗೆ ಹೋಗಬೇಕು. ಇದು ನಿಯಮ.

ಮೊದಲ ವಾರ ನೀವು ಹಾಕಿದ್ದು ಐದು. ಕೊನೆಯ ವಾರ ಮೂರು.

"ಮೇಡಂ, ಕಣ್ಣು ಮುಚ್ಚಿದ್ರ ಡಬರಿನೇ ಕಾಣತೈತ್ರೀ," ಎಂದಿರಿ, ಪಕ್ಕದವರಿಗೆ ಕೇಳದ ಹಾಗೆ. "ಮುಚ್ಚಳದ ಮ್ಯಾಲ ಕೈ ಹೋಗವಲ್ದು. ಮೊದ್ಲ ಇಷ್ಟು ಇರ್ಲಿಲ್ಲ."

ನಾನು ಹೇಳಿದ್ದು ಡೈರಿಯಲ್ಲಿದೆ, ಆದ್ದರಿಂದ ಇಲ್ಲಿ ತಿದ್ದಲು ಬರುವುದಿಲ್ಲ: "ನೋಡಕೋಂತ ಇರ್ರಿ ಅಕ್ಕಾ. ಸುಮ್ನ ನೋಡಕೋಂತ ಇರ್ರಿ, ತಾನೇ ಹೋಗತೈತಿ."

ಮುಂದಿನ ವಾರ ಸಿಂಧನೂರಿನಲ್ಲಿ ಸಮಾರೋಪವಿತ್ತು. ಅತಿಥಿಗಳು ಬರುವವರಿದ್ದರು, ತರಬೇತಿಯನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು. ಮುಂದುವರಿದರೆ ನನ್ನ ಕೆಲಸವೂ ಉಳಿಯುತ್ತಿತ್ತು. ವೇದಿಕೆಯ ಮೇಲೆ ಮಾತಾಡಲು ಒಬ್ಬರು ಬೇಕಿತ್ತು. ಸುಟ್ಟ ಮಗು, ನಡುಗುವ ಕೈ, ಗುಣವಾದ ಅಡುಗೆಯಮ್ಮ — ನಿಮ್ಮ ಹೆಸರನ್ನು ನಾನು ಆಗಲೇ ಕಳಿಸಿಬಿಟ್ಟಿದ್ದೆ. ಮೂರು ಎಂದು ಬರೆದರೆ ಚೀಟಿ ಕೊಡಬೇಕು. ಚೀಟಿ ಕೊಟ್ಟವರನ್ನು ವೇದಿಕೆ ಹತ್ತಿಸುವುದು ಹೇಗೆ?

ಎಂಟು ಎಂದು ಬರೆದೆ. ಆ ಮೂರು ಕಾಳನ್ನು ನಿಮ್ಮ ಮಡಿಲಿಗೇ ಹಾಕಿ, "ಸಿಂಧನೂರಿಗೆ ಬರ್ರಿ ಅಕ್ಕಾ, ಒಂದೆರಡು ಮಾತು ಹೇಳ್ರಿ," ಎಂದೆ.

"ನಾ ಏನು ಹೇಳ್ಲಿರೀ?"

"ಆರಾಮ ಅದೀನಿ ಅನ್ರಿ. ಸಾಕು."

ನೀವು ಬಂದಿರಿ. ಇಳಕಲ್ ಸೀರೆ ಉಟ್ಟು, ಮೈಕ್ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, "ಆರಾಮ ಅದೀನ್ರೀ" ಎಂದಿರಿ. ಚಪ್ಪಾಳೆ ಬಿತ್ತು. ತರಬೇತಿ ಮುಂದುವರಿಯಿತು. ನಾನೂ.

ಮೂರು ತಿಂಗಳ ಮೇಲೆ ಹುಲಿಗೆಮ್ಮ ಫೋನ್ ಮಾಡಿದರು. ಅನ್ನದ ಡಬರಿ ವಾಲಿ, ಕುದಿಯುವ ಗಂಜಿ ನಿಮ್ಮ ಬಲಗೈ ಮೇಲೆ ಸುರಿದಿತ್ತು. "ಮುಚ್ಚಳ ತಗದಾಕಿ ಕಣ್ಣು ಮುಚ್ಚಿ ನಿಂತಿದ್ಲಂತ ನೋಡ್ರೀ ಮೇಡಂ," ಎಂದರು. ಕಣ್ಣು ಮುಚ್ಚಿದ್ದು ಯಾಕೆ — ಉಸಿರು ನೋಡಲೋ, ಹೆದರಿಕೆಗೋ, ಆವಿಗೋ — ನನಗೆ ಗೊತ್ತಿಲ್ಲ. ಆವಿಗೇ ಇರಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗಿರಲಿ ಎಂದು ಬಯಸುವವಳ ಊಹೆಗೆ ಎಷ್ಟು ಬೆಲೆ ಕೊಡಬೇಕೋ ನೀವೇ ಹೇಳಿ. ನಾನು ನೋಡಲು ಬರಲಿಲ್ಲ.

ಆಮೇಲೆ ನಾವು ಭೇಟಿಯಾದದ್ದು ಒಂದೇ ಸಲ, ವರ್ಷದ ಬಳಿಕ, ಲಿಂಗಸುಗೂರು ಬಸ್ ನಿಲ್ದಾಣದಲ್ಲಿ. ಕಂಡ ಕೂಡಲೇ ನೀವೇ ಕೂಗಿದಿರಿ. "ಏನ್ರೀ ಮೇಡಂ, ಆರಾಮ?"

"ಆರಾಮ್ರೀ ಅಕ್ಕಾ. ನೀವು?"

"ಆರಾಮ ಅದೀನ್ರೀ." ಹಾಗೆಂದು ಸೆರಗಿನಡಿಯಿಂದ ಬಲಗೈ ತೆಗೆದಿರಿ. ಚರ್ಮ ಎಳೆದುಕೊಂಡಿತ್ತು. ಹೆಬ್ಬೆರಳು ಒಳಗೆ ಮಡಚಿ, ಉಳಿದ ಬೆರಳನ್ನು ಅದರ ಮೇಲೆ ತರಲು ನೋಡಿದಿರಿ, ಅರ್ಧಕ್ಕೇ ನಿಂತವು. "ನಿಮ್ಮ ಮೆದುಳು ಮುಚ್ಚವಲ್ದು ನೋಡ್ರೀ! ಬುದ್ಧಿ ಮ್ಯಾಲೇ ನಿಂತೈತಿ," ಎಂದು ನಕ್ಕಿರಿ. ಈ ನಗು ಡೈರಿಯಲ್ಲಿದೆ.

ಅಡುಗೆ ಕೆಲಸ ಬಿಟ್ಟಿದ್ದಿರಿ. ಕೈ ತೋರಿಸಲು ಅದೇ ಆಸ್ಪತ್ರೆಗೆ ಬಂದಿದ್ದಿರಿ — ನನ್ನ ಚೀಟಿ ವರ್ಷಕ್ಕೂ ಹಿಂದೆಯೇ ನಿಮ್ಮನ್ನು ಕಳಿಸಬೇಕಿದ್ದ ಆಸ್ಪತ್ರೆಗೆ. ನಾನು ಹೇಳಬೇಕು ಎಂದುಕೊಂಡೆ. ನಿಜವಾಗಿಯೂ ಬಾಯಿ ತೆರೆದಿದ್ದೆನೇ, ಅಥವಾ ಇದೂ ಆಮೇಲೆ ಸೇರಿಸಿದ್ದೇ — ಅಷ್ಟರಲ್ಲಿ ನೀವೇ ಹೇಳಿದಿರಿ.

"ತಪ್ಪು ನಂದೇ ಐತ್ರೀ ಮೇಡಂ. ನೀವು ಹೇಳಿದಂಗ ಉಸಿರು ಸರಿಯಾಗಿ ನೋಡ್ಲಿಲ್ಲ. ಅಷ್ಟು ಮಂದ್ಯಾಗ ಆರಾಮ ಅಂತ ಹೇಳಿ, ನಿಮ್ಮ ಹೆಸರು ಕೆಡಿಸಿದೆ."

ಅಮರಮ್ಮ, ನಾನು ಏನಂದೆ ನೆನಪಿದೆಯೇ? "ಇರಲಿ ಬಿಡ್ರಿ" ಎಂದೆ.

ನಿಮ್ಮನ್ನು ಕ್ಷಮಿಸಿದೆ. ಆ ಕಾಗದದಲ್ಲಿ ಸುಳ್ಳು ಬರೆದದ್ದಕ್ಕಿಂತ ದೊಡ್ಡ ತಪ್ಪು ಈ ಎರಡು ಶಬ್ದ. ಮಸ್ಕಿ ಬಸ್ಸು ಬಂತು, ಎಡಗೈಯಲ್ಲಿ ಕಂಬಿ ಹಿಡಿದು ನೀವು ಹತ್ತಿದಿರಿ. ನಾನು ಸಿಂಧನೂರಿನ ಬಸ್ಸು ಹತ್ತಿದೆ.

ಆಮೇಲಿನದು ಹೇಳಲು ನಾಚಿಕೆಯಾಗುತ್ತದೆ. ತಪ್ಪಿನ ಭಾರ ಎದೆಗೆ ಬಂದಾಗೆಲ್ಲ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ, ಉಸಿರು ನೋಡಿದೆ. 'ಇದು ಒಂದು ಯೋಚನೆ ಮಾತ್ರ, ಬಂದಿದೆ, ಹೋಗುತ್ತದೆ.' ಹೋಯಿತು. ನಿಮಗೆ ಆಗದ ಅಭ್ಯಾಸ ನನಗೆ ಚೆನ್ನಾಗಿ ಆಗಿಬಂತು. ಅಷ್ಟಕ್ಕೂ ಸಾಲದಿದ್ದರೆ, ನೆನಪು ನಂಬುವಂಥದ್ದಲ್ಲ ಎಂಬ ಪಾಠ ಕೈಗೆ ಸಿಗುತ್ತಿತ್ತು — ಮೂರೋ ಏನೋ, ಯಾರಿಗೆ ಗೊತ್ತು. ಗೊತ್ತಿದೆ. ಡೈರಿಯ ಮೂಲೆಯಲ್ಲಿ ಸಣ್ಣದಾಗಿ ಬರೆದಿಟ್ಟಿದ್ದೇನೆ: 'ಅ — 3.'

ಈಗ ಸಿಂಧನೂರಿನಲ್ಲಿ ನನ್ನದೇ ತರಗತಿಗಳಿವೆ. ಹೋದ ವಾರ ಒಬ್ಬರು ಕೇಳಿದರು, ಇದರಿಂದ ಎಲ್ಲರಿಗೂ ಗುಣ ಕಾಣುತ್ತದೆಯೇ ಎಂದು. ರೂಢಿಯಂತೆ ಶುರು ಮಾಡಿದೆ: "ಮಸ್ಕಿ ಕಡೆ ಒಬ್ಬ ಅಡುಗೆಯಮ್ಮ ಇದ್ದರು..." ಹೌದು, ಐದು ವರ್ಷದಿಂದ, ಹೆಸರು ಹೇಳದೆ, ನಿಮ್ಮ ಕಥೆ ಹೇಳುತ್ತ ಬಂದಿದ್ದೇನೆ. ಅದು ಚಪ್ಪಾಳೆಯ ತನಕ ಬಂದು ನಿಲ್ಲುತ್ತದೆ. ಈ ಸಲ ಚಪ್ಪಾಳೆಗೆ ಬಂದಾಗ ನನ್ನ ಬಲಗೈ ಮೇಜಿನ ಮೇಲೆ ಮುಷ್ಟಿ ಕಟ್ಟಿತ್ತು. ಬೆರಳುಗಳು ಎಷ್ಟು ಸಲೀಸಾಗಿ ಮುಚ್ಚಿಕೊಂಡಿದ್ದವು! ಕಥೆಯನ್ನು ಅಲ್ಲಿಗೇ ಬಿಟ್ಟೆ. "ಎಲ್ಲರಿಗೂ ಅಲ್ಲ," ಎಂದಷ್ಟೇ ಹೇಳಿ ಕೂತೆ.

ಎಂಟು ಎಂದಿರುವ ಆ ಕಾಗದದ ಜೆರಾಕ್ಸ್ ನನ್ನ ಬಳಿ ಇದೆ. ಅದು ಸುಳ್ಳು ಎಂದು ಸಂಸ್ಥೆಗೆ ನಿನ್ನೆ ಬರೆದು ಕಳಿಸಿದೆ. ಈ ಶನಿವಾರ ನಿಮ್ಮ ಊರಿಗೆ ಬರುತ್ತೇನೆ. ಹುಲಿಗೆಮ್ಮನನ್ನೂ ಕರೆಯಿರಿ, ಅವರ ಎದುರಿಗೇ ಈ ಪತ್ರವನ್ನು ಪೂರ್ತಿ ಓದುತ್ತೇನೆ. ಡಬರಿ ನಿಮಗೆ ಈಗಲೂ ಕಾಣುತ್ತಿದ್ದರೆ, ಡಾಕ್ಟರು ಬರುವ ದಿನ ನಿಮ್ಮ ಜೊತೆ ಲಿಂಗಸುಗೂರಿಗೆ ಬರುತ್ತೇನೆ, ನೀವು ಒಪ್ಪಿದರೆ ಮಾತ್ರ. ನೀವು ಬೈದರೆ ಕೇಳುತ್ತೇನೆ. 'ನೋಡಕೋಂತ' ಕೂಡುವುದಿಲ್ಲ.

ಬೈಯುವುದಿಲ್ಲ ನೀವು, ಅದೇ ನನಗೆ ಹೆದರಿಕೆ. ಬಾಗಿಲಲ್ಲಿ ಕಂಡ ಕೂಡಲೇ ಆರಾಮ ಅದೀನಿ ಅನ್ನುತ್ತೀರಿ. ಈ ಸಲ ಅದನ್ನು ಕೇಳಿಕೊಂಡು ಬಸ್ಸು ಹತ್ತುವುದಿಲ್ಲ.